ಪಂಚಮಿಯ ದಟ್ಟಣೆ

ನಾಗರಪಂಚಮಿಗೆ ಊರಿಗೆ ಹೋಗಲು ಬೆಂಗಳೂರಿನಲ್ಲಿ ಎಷ್ಟು ಜನ ಕಾದಿರುತ್ತಾರೆಂಬುದು ನನ್ನ ಮ್ಯಾನೇಜರರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಹೇಳಿದ ಮೇಲೂ ಕೇಳಲಿಲ್ಲವಲ್ಲ, ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ದಶಕದ ಮಾತು. ಜೆ.ಪಿ. ನಗರದ ಸಣ್ಣ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಖಾಸಗಿ ಬಸ್ಸಿನವರೊಬ್ಬರಿಗೆ ಟಿಕೆಟ್ ಬುಕಿಂಗ್ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ನಿಜವಾದ ಜನ ಬರುವ ಮೊದಲು ಕಂಪ್ಯೂಟರಿನಲ್ಲೇ ಹುಟ್ಟಿಸಿದ ಸುಳ್ಳು ಜನರನ್ನು ಸರ್ವರ್ ಮೇಲೆ ಬಿಟ್ಟು, ಅದು ಎಷ್ಟು ಭಾರ ತಾಳುತ್ತದೆಂದು ನೋಡುವುದು ನನ್ನ ಕೆಲಸ. ಅವರು ಯಾವಾಗ ಬಂದು ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಮೇ ಸ್ಕ್ರಿಪ್ಟ್; ಮ್ಯಾನೇಜರ್ ಹೇಳಿ ಬರೆಸಿದ ಸ್ಕ್ರಿಪ್ಟಿನಲ್ಲಿ ಆ ಸುಳ್ಳು ಜನ ದಿನವಿಡೀ ಒಂದೇ ಸಮ ಬರುತ್ತಿದ್ದರು. ಬೆಳಗಿನ ಜಾವ ಮೂರಕ್ಕೂ ಅಷ್ಟೇ, ಬೆಳಿಗ್ಗೆ ಹತ್ತಕ್ಕೂ ಅಷ್ಟೇ. ಮೂರು ಸೆಕೆಂಡಿನಲ್ಲಿ ಸೀಟು ಆರಿಸಿ ಹೋಗಿಬಿಡುತ್ತಿದ್ದರು.

ಜನ ಎಲ್ಲಾದರೂ ಹಾಗಿರುತ್ತಾರೆಯೇ? ಬಿಟಿಎಂನ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಗೆಳತಿಯನ್ನು ಸೈಬರ್ ಕೆಫೆಗೆ ಕರೆದೊಯ್ದೆ. ನಮ್ಮ ಬಾಗಲಕೋಟೆ ಕಡೆಯವಳೇ, ಬನಶಂಕರಿಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬೇರೆ ಬಸ್ಸಿನವರ ಸೈಟಿನಲ್ಲಿ ಸೀಟು ಹುಡುಕಲು ಹೇಳಿ ಪಕ್ಕದಲ್ಲಿ ಗಡಿಯಾರ ನೋಡುತ್ತ ಕೂತೆ. ಕಿಟಕಿ ಸೀಟು ಒತ್ತಿದಳು, ಬಿಟ್ಟಳು, ಊರಿಗೆ ಫೋನ್ ಹಚ್ಚಿ ಅವ್ವನನ್ನು ಕೇಳಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಹನ್ನೊಂದು ನಿಮಿಷ! ಒಬ್ಬರು ಒತ್ತಿದ ಸೀಟು ಇನ್ನೊಬ್ಬರಿಗೆ ಹೋಗದಂತೆ ಅಷ್ಟೂ ಹೊತ್ತು ಸರ್ವರ್ ಹಿಡಿದಿಟ್ಟುಕೊಂಡಿರಬೇಕು.

ಅದನ್ನೇ ಹೊಸ ಸ್ಕ್ರಿಪ್ಟಿನಲ್ಲಿ ಬರೆದೆ. ಪಂಚಮಿ ಬುಕಿಂಗ್ ತೆರೆಯುವ ಬೆಳಿಗ್ಗೆ ಜನ ಒಟ್ಟಿಗೇ ಮುಗಿಬೀಳುವಂತೆಯೂ ಮಾಡಿದೆ. ಹತ್ತು ನಿಮಿಷದೊಳಗೆ ಸರ್ವರ್ ಮಲಗಿತು. ಆ ವರದಿಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ.

"ಪಂಚಮಿಗೆ ಯಾರ್ರೀ ಊರಿಗೆ ಹೋಗ್ತಾರೆ? ಕ್ಯಾಲೆಂಡರ್‌ನಲ್ಲಿ ರಜಾನೇ ಇಲ್ವಲ್ಲ," ಎಂದರು ಮ್ಯಾನೇಜರ್. ಜಯನಗರದಲ್ಲೇ ಹುಟ್ಟಿ ಬೆಳೆದವರು.

"ನಮ್ಮ ಕಡೆ ಹೆಣ್ಮಕ್ಕಳು ತವರಿಗೆ ಹೋಗೋದೇ ಪಂಚಮಿಗೆ, ಸಾರ್."

"ಗುರುವಾರ ಕಸ್ಟಮರ್ ಬರ್ತಾರೆ. ಹಳೇ ಸ್ಕ್ರಿಪ್ಟ್ ಓಡ್ಸಿ, ರಿಪೋರ್ಟ್ ಕೊಡಿ. ಅಷ್ಟೇ."

ಓಡಿಸಿದೆ. ಎಲ್ಲವೂ ಹಸಿರು, ಅಂದರೆ ಪಾಸು. ಕೆಳಗೆ ನನ್ನ ಹೆಸರು.

ಆ ವರ್ಷ ಗೆಳತಿಯ ಅಕ್ಕನಿಗೆ ಮದುವೆಯಾದ ಮೇಲಿನ ಮೊದಲ ಪಂಚಮಿ. ಇವಳು ಅಂಗಡಿ ಮಾಲೀಕನ ಕೈಕಾಲು ಹಿಡಿದು ಎರಡು ದಿನ ರಜೆ ಪಡೆದಿದ್ದಳು. ಬುಕಿಂಗ್ ತೆರೆದ ದಿನ ಹತ್ತೂ ಕಾಲಿಗೆ ಸೈಬರ್ ಕೆಫೆಯಿಂದ ಫೋನ್ ಮಾಡಿದಳು.

"ಬರೇ ಬಿಳೀ ಪುಟ ಬರಾಕತ್ತೈತಿ. ಇದು ನಿಮ್ಮ ಆಫೀಸಿನ್ದ ಅಲ್ಲೇನ?"

ಮಧ್ಯಾಹ್ನ ಸೈಟ್ ಎದ್ದಾಗ ಬಸ್ಸುಗಳೆಲ್ಲ ಭರ್ತಿ ಎಂದು ತೋರಿಸಿತು. ಅರ್ಧದಷ್ಟು ಸೀಟುಗಳನ್ನು ಯಾರೂ ಕೊಂಡಿರಲಿಲ್ಲ, ನಡುವೆ ನಿಂತುಹೋದ ಬುಕಿಂಗ್‌ಗಳಲ್ಲಿ ಸಿಕ್ಕಿಕೊಂಡಿದ್ದವು. ಅವನ್ನು ಬಿಡಿಸುವಷ್ಟರಲ್ಲಿ ಇವಳು ಅಂಗಡಿಗೆ ವಾಪಸಾಗಿದ್ದಳು; ಬಿಡಿಸಿದ್ದನ್ನು ಬೇರೆಯವರು ಬಾಚಿಕೊಂಡರು. ಕೊನೆಗೆ ಮೂರು ಬಸ್ಸು ಬದಲಿಸಿ, ನಿಂತುಕೊಂಡೇ ಊರು ಮುಟ್ಟಿದಳು. ಪಂಚಮಿಯ ಜೋಕಾಲಿ ಆಡಿ ಮುಗಿದಿತ್ತು. ಅಕ್ಕನನ್ನು ಗಂಡ ಕರೆದೊಯ್ದಾಗಿತ್ತು.

ಇತ್ತ ಮ್ಯಾನೇಜರ್ ನಮಗೂ ಪ್ರತಿ ಇಟ್ಟು ಕಸ್ಟಮರ್‌ಗೆ ಮೇಲ್ ಬರೆದರು: ಅನಿರೀಕ್ಷಿತ ದಟ್ಟಣೆಯಿಂದ ತೊಂದರೆಯಾಯಿತು, ಕ್ಷಮಿಸಿ. ಅನಿರೀಕ್ಷಿತ! ಸರ್ವರ್ ಮಲಗಿದ್ದ ನನ್ನ ಪರೀಕ್ಷೆಯ ವರದಿಯನ್ನು ಲಗತ್ತಿಸಿ, ಕಸ್ಟಮರನ್ನೂ ಸೇರಿಸಿ ಎಲ್ಲರಿಗೂ ಉತ್ತರಿಸಿದೆ.

"ಮನೆ ಜಗಳ ಬೀದಿಗೆ ತರ್ತೀರೇನ್ರೀ?" ಎಂದು ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಕೂಗಾಡಿದರು.

"ನಾನು ಮೊದ್ಲೇ ಬೀಳ್ಸಿ ತೋರ್ಸಿದ್ದೆ, ಸಾರ್. ನೀವೇ ಮುಚ್ಚಿಟ್ರಿ," ಎಂದು ನಾನೂ ದನಿ ಏರಿಸಿದೆ. ಅಂದೇ ನನ್ನನ್ನು ಆ ಪ್ರಾಜೆಕ್ಟಿನಿಂದ ತೆಗೆದರು. ಎರಡು ತಿಂಗಳಿಗೆ ಕೆಲಸ ಬಿಟ್ಟೆ.

ಪಂಚಮಿ ಮುಗಿಸಿ ಊರಿಂದ ಬಂದ ದಿನವೇ ಗೆಳತಿಗೆ ಈ ಜಗಳವನ್ನೆಲ್ಲ ಹೆಮ್ಮೆಯಿಂದಲೇ ಹೇಳಿದ್ದೆ. ಅವಳು ಚೀಲದಿಂದ ಬಟ್ಟೆ ತೆಗೆಯುವುದನ್ನು ನಿಲ್ಲಿಸಿದಳು.

"ಹಂಗಾರ ಸೈಟ್ ಬೀಳ್ತೈತಿ ಅಂತ ನಿನಗ ಮೊದಲ ಗೊತ್ತಿತ್ತು?"

"ಹೂಂ."

"ಮತ್ತ ನನಗ್ಯಾಕ ಹೇಳಲಿಲ್ಲ? ಬಸ್ಸಿನೋರ ಆಫೀಸಿಗೇ ಹೋಗಿ ಟಿಕೆಟ್ ತೊಗೋತಿದ್ನಲ್ಲ."

ಮ್ಯಾನೇಜರನ್ನು ಬೈದುಕೊಂಡು ತಿರುಗಿದ ಅಷ್ಟು ದಿನಗಳಲ್ಲಿ ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.