ದಿನ್ನೆಯ ಗಣರಾಜ್ಯದ ಅಧ್ಯಕ್ಷ

ಆ ಕೋಟನ್ನು ನಾನೇ ಹೊಲಿದುಕೊಂಡಿದ್ದೆ. ಬಾಗಲಕೋಟೆಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ರೋಣದಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡ ಮಾಮಾ ಬರೀ ಅಂಗಿಯಲ್ಲಿ ಬಂದ ಅನ್ನಿಸಿಕೊಳ್ಳಬಾರದೆಂಬ ಹಟ ನನ್ನದು. ರೈಲು ಹಿಡಿಯಲು ಹೊಳೆಆಲೂರಿಗೆ ಬಂದಿಳಿದರೆ ರೈಲು ಬರುವುದಿಲ್ಲ ಎಂದರು. ಹಿಂದಿರುಗೋಣವೆಂದರೆ ರಸ್ತೆಯ ಮೇಲೆ ಮಲಪ್ರಭೆ ಹರಿಯುತ್ತಿದ್ದಳು. ತಗ್ಗಿನ ಓಣಿಯವರೆಲ್ಲ ಗಂಟುಮೂಟೆ ಹೊತ್ತು ದಿನ್ನೆಯ ಮೇಲಿದ್ದ ಶಾಲೆಗೆ ಓಡುತ್ತಿದ್ದರು. ನಾನೂ ಅವರ ಬೆನ್ನು ಹತ್ತಿದೆ. ಹೊತ್ತು ಮುಳುಗುವುದರೊಳಗೆ ದಿನ್ನೆಯ ಸುತ್ತ ರಾಡಿ ನೀರೇ ನೀರು.

ಮರುದಿನ ಮಧ್ಯಾಹ್ನ, ಬೇಸರ ಕಳೆಯಲೆಂದು, ಅದೇ ಸಾಲಿಯ ಮಾಸ್ತರರು ಹಲಗೆಯ ಮೇಲೆ ಒಂದು ದುಂಡನೆಯ ಚಿತ್ರ ಬರೆದರು. ಇನ್ನೂ ವಯಸ್ಸು ಚಿಕ್ಕದು, ನಗೆಮುಖದ ಮನುಷ್ಯ.

"ನೋಡ್ರಿ, ಇದು ನಾವಿರೋ ದ್ವೀಪ. ಇಲ್ಲಿ ತಹಶೀಲ್ದಾರ ಇಲ್ಲ, ಪೊಲೀಸ್ ಇಲ್ಲ. ಅಂದಮ್ಯಾಲೆ ನಾವು ಬ್ಯಾರೆ ದೇಶನ ಆದಂಗಾತು. ದಿನ್ನಿ ಗಣರಾಜ್ಯ! ಈಗ ನಮಗೊಬ್ಬ ಅಧ್ಯಕ್ಷ ಬೇಕು."

ಎಲ್ಲರೂ ನಕ್ಕರು. ಯಾರೋ ಬಿದಿರಿಗೆ ಟವೆಲ್ ಕಟ್ಟಿ ಬಾವುಟ ಮಾಡಿದರು. ಊರಿನ ಇಬ್ಬರು ಹಿರಿಯರ ಹೆಸರು ಬಂತು. ಒಬ್ಬರ ಹೆಸರಿಗೆ ಇನ್ನೊಬ್ಬರ ಕಡೆಯವರು ಕೂಗಿ ಗದ್ದಲ ಎಬ್ಬಿಸಿದರು. ಆಗ ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳು ನನ್ನತ್ತ ಕೈ ಮಾಡಿ, "ಆ ಕೋಟಿನಾಂವನ್ನ ಮಾಡ್ರಿ. ಯಾರ ಕಡಿಯಾಂವನೂ ಅಲ್ಲ" ಎಂದಳು. ಕೋಣೆಯಲ್ಲಿದ್ದವರೆಲ್ಲ ಕೈ ಎತ್ತಿಬಿಟ್ಟರು.

"ಭಾಷಣ! ಸಾಹೇಬ್ರ ಭಾಷಣ ಆಗಲಿ!"

ಬೇರೆ ಯಾರಾದರೂ ಆಗಿದ್ದರೆ ಒಂದು ಚೇಷ್ಟೆಯ ಮಾತು ಆಡಿ ಕೂತುಬಿಡುತ್ತಿದ್ದರು. ನಾನು ಬೆಂಚಿನ ಮೇಲೆ ಹತ್ತಿ, ಕೋಟಿನ ಗುಂಡಿ ಹಾಕಿಕೊಂಡು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ.

"ನಾನು ರೋಣದ ಟೇಲರ್ರಿ, ಭಾಳ ಸಾಲಿ ಕಲತಾಂವ ಅಲ್ರಿ. ಇಷ್ಟು ಮಂದಿ ಕೂತು ನನ್ನ ಮಾತು ಎಂದೂ ಕೇಳಿಲ್ಲ. ಈ ದಿನ್ನಿ ಮ್ಯಾಲೆ ಯಾರೂ ದೊಡ್ಡಾವರಲ್ಲ, ಯಾರೂ ಸಣ್ಣಾವರಲ್ಲ. ಪರಊರಾಂವನ್ನ ನಮ್ಮಾಂವ ಅಂದ್ರಿ ನೀವು..." ಗಂಟಲು ಕಟ್ಟಿತು. ಕಣ್ಣೀರು ಬಂದೇ ಬಂತು. ತೋಳಿನಿಂದ ಒರೆಸಿಕೊಂಡೆ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಆ ಸಂಜೆಯಷ್ಟು ಸುಖವಾಗಿ ನಾನು ಎಂದೂ ಇದ್ದಿಲ್ಲ. ಇದ್ದ ಅವಲಕ್ಕಿಯನ್ನು ಮೊದಲು ಮಕ್ಕಳಿಗೆ ಹಂಚಿಸಿದೆ. ಸೋರದ ಮೂಲೆಯನ್ನು ಬಾಣಂತಿಯೊಬ್ಬಳಿಗೆ ಬಿಡಿಸಿಕೊಟ್ಟೆ. "ಹೂಂನ್ರಿ ಅಧ್ಯಕ್ಷರ" ಎನ್ನುತ್ತ ಜನ ಹೇಳಿದ್ದನ್ನು ಮಾಡಿದರು. ಮಲಗುವಾಗಲೂ ಕೋಟು ಕಳಚಲಿಲ್ಲ.

ಬೆಳಿಗ್ಗೆ ಕಟ್ಟಡದ ಹಿಂದೆ ಮುಖ ತೊಳೆಯುತ್ತಿದ್ದಾಗ ಕಿಟಕಿಯಿಂದ ನನ್ನದೇ ದನಿ ಕೇಳಿಸಿತು. ಇಣುಕಿದೆ. ಮಾಸ್ತರರು ಬೆಂಚಿನ ಮೇಲೆ ನಿಂತು, ಇಲ್ಲದ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಪರಊರಾಂವನ್ನ ನಮ್ಮಾಂವ ಅಂದ್ರಿ ನೀವು..." ಎಂದು ನನ್ನ ಹಾಗೆಯೇ ಗಂಟಲು ಕಟ್ಟಿಸಿ ತೋಳಿನಿಂದ ಕಣ್ಣೊರೆಸಿಕೊಂಡರು. ಕೋಣೆಗೆ ಕೋಣೆಯೇ ಬಿದ್ದುಬಿದ್ದು ನಗುತ್ತಿತ್ತು. ನನ್ನನ್ನು ಆರಿಸಿದ ಮುದುಕಿ ಹೊಟ್ಟೆ ಹಿಡಿದುಕೊಂಡು, "ಸಾಕು ಬಿಡೋ ಯಪ್ಪಾ" ಎನ್ನುತ್ತಿದ್ದಳು. ಅವರಲ್ಲಿ ಕೆಡುಕೇನೂ ಇರಲಿಲ್ಲ. ಮಾಸ್ತರರು ಮಾಡಿದ್ದೂ ಥೇಟು ನಾನೇ. ಹೀಗೆ ಕಂಡೆನೇ ನಾನು, ಇಷ್ಟು ಮಂದಿಯ ಎದುರು! ನೀರಿಳಿಯುತ್ತಿದ್ದ ಮುಖವೆಲ್ಲ ಬೆಂಕಿಯಾಯಿತು. ಕೋಟು ಕಳಚಿ ಚೀಲದ ತಳಕ್ಕೆ ತುರುಕಿ, ಪಡಸಾಲೆಯ ತುದಿಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ದೋಣಿ ಬಂತು. ಒಂದು ಸಲಕ್ಕೆ ಏಳೆಂಟು ಜನರಷ್ಟೇ ಎಂದು ಅಂಬಿಗ ಅಂದ ಕೂಡಲೇ ನೂಕಾಟ ಎದ್ದಿತು. ಗಟ್ಟಿಮುಟ್ಟಾದವರೇ ಮುಂದೆ. ಅದೇ ಮುದುಕಿ ಕೂಗಿದಳು: "ಹುಚ್ಚರಂಗ ಯಾಕ ನೂಕ್ಯಾಡ್ತೀರಿ? ಅಧ್ಯಕ್ಷರನ್ನ ಕೇಳ್ರಿ!"

ಎಲ್ಲರ ಮುಖ ನನ್ನತ್ತ ತಿರುಗಿತು. ಇದೂ ಆಟವೇ ಇರಬೇಕು ಅನ್ನಿಸಿ ಕಾಲು ಏಳಲಿಲ್ಲ. ಆದರೆ ಒಬ್ಬ ರೈತನ ಹೆಂಡತಿ, ದಿನ ತುಂಬಿದ ಬಸುರಿ, ಮೆಟ್ಟಿಲ ಮೇಲೆ ಸೊಂಟ ಹಿಡಿದು ನಿಂತಿದ್ದಳು. ಎದ್ದೆ. "ಈಕಿ, ಈಕಿ ಗಂಡ, ಬಾಣಂತಿ, ಆಮ್ಯಾಲೆ ವಯಸ್ಸಾದವ್ರು" ಎಂದೆ, ಯಾರ ಮುಖವನ್ನೂ ನೋಡದೆ. ಜನ ದಾರಿ ಬಿಟ್ಟರು. "ಅಪ್ಪಣಿ, ಅಧ್ಯಕ್ಷರ" ಎಂದರು ಮಾಸ್ತರರು. ಅದು ನಗೆಯೋ ಅಲ್ಲವೋ ತಿಳಿಯಲಿಲ್ಲ.

ಕೊನೆಯ ದೋಣಿಗೆ ಉಳಿದ ನಾಲ್ವರಲ್ಲಿ ಅವರೂ ಒಬ್ಬರು. ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಮುಂಜಾನಿ ನೀವು ಹಿಂದ ಇದ್ರೇನ್ರಿ?"

"ಇಲ್ರಿ, ಯಾಕ?"

"ಏನಿಲ್ಲ ಬಿಡ್ರಿ." ಆಮೇಲೆ ಇಬ್ಬರೂ ನೀರು ನೋಡುತ್ತ ನಿಂತೆವು.

ಮನೆಗೆ ಬಂದು ನೀರಿನ ಕಥೆ ಹೇಳಿದೆ, ರೈಲಿನ ಕಥೆ ಹೇಳಿದೆ. ಅಧ್ಯಕ್ಷಗಿರಿಯ ಸುದ್ದಿ ಎತ್ತಲಿಲ್ಲ. ಬೇಸಿಗೆಯ ಹೊತ್ತಿಗೆ ಆ ಬಸುರಿಯ ಗಂಡ, ಆ ರೈತ, ಕೂಸನ್ನು ಎತ್ತಿಕೊಂಡು ನನ್ನ ಅಂಗಡಿ ಹುಡುಕಿಕೊಂಡು ಬಂದ. ಗುಂಡಿ ಹಚ್ಚುತ್ತ ಕೂತಿದ್ದ ನನ್ನ ಹೆಂಡತಿಗೆ, "ಅಕ್ಕಾರ, ಇವರು ನಮ್ಮ ಅಧ್ಯಕ್ಷರ್ರಿ. ಇವರ ಮಾತಿನಿಂದ ನಾವು ಲಗೂ ದವಾಖಾನಿ ಮುಟ್ಟಿದ್ವಿ" ಎಂದ. ಅವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

ಹೆಂಡತಿ ಸೂಜಿ ನಿಲ್ಲಿಸಿ, "ಯಾವೂರ ಅಧ್ಯಕ್ಷರ್ರಿ?" ಎಂದಳು.

ಬೆಂಚಿನ ಮೇಲೆ ನಿಂತ ಮಾಸ್ತರರು ಕಣ್ಣ ಮುಂದೆ ಬಂದರು. "ಬ್ಯಾರೆ ಯಾರೋ ಅಂತ ತಿಳದಾನ ಪಾಪ" ಎಂದುಬಿಟ್ಟೆ.

ಅವನು ಒಮ್ಮೆ ನನ್ನ ಮುಖ ನೋಡಿದ. "ಹೌದ್ರಿ, ತಪ್ಪಾತು" ಎಂದು, ಅಂಗಿಯ ಅಳತೆ ತೆಗೆಯಲು ಕೂಸನ್ನು ನನ್ನ ಮುಂದೆ ಹಿಡಿದ.