ಮೇಲಿನ ಮನೆಯ ಭೋಗ್ಯದ ಹಣ

ಜನವರಿ 18, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತೆ. ಎಂಟಕ್ಕೆ ಗಿರಣಿ ಶುರುವಾದರೆ ಆ ಸದ್ದಿನಲ್ಲಿ ಏನೂ ಬರೆಯಲಾಗುವುದಿಲ್ಲ.

ರಾಜೀವನಗರದ ನಮ್ಮ ಮನೆಯ ಕೆಳಭಾಗದಲ್ಲಿ ಅಮ್ಮ, ನಾನು ಇದ್ದೇವೆ. ರಸ್ತೆ ಕಡೆಯ ಕೋಣೆಯಲ್ಲಿ ಅಮ್ಮನ ಹಿಟ್ಟಿನ ಗಿರಣಿ. ಮೇಲಿನ ಮನೆಯನ್ನು ಮೂರು ವರ್ಷದ ಹಿಂದೆ ಒಬ್ಬ ನರ್ಸಮ್ಮನಿಗೆ ಭೋಗ್ಯಕ್ಕೆ ಕೊಟ್ಟೆವು. ತಿಂಗಳ ಬಾಡಿಗೆ ಇಲ್ಲ. ಬರುವಾಗ ಅವರು ನಾಲ್ಕು ಲಕ್ಷ ಕೊಟ್ಟರು, ಬಿಡುವಾಗ ಅಷ್ಟನ್ನೂ ನಾವು ಹಿಂದಿರುಗಿಸಬೇಕು. ಗಿರಣಿ ಬಂದದ್ದು ಆ ಹಣದಿಂದಲೇ.

ಕಳೆದ ಸೋಮವಾರ ನರ್ಸಮ್ಮ ಕೆಳಗೆ ಬಂದು, ಅಶೋಕಪುರಂನಲ್ಲಿ ಸ್ವಂತ ಮನೆ ಗೊತ್ತುಮಾಡಿದ್ದೇವೆ, ಮಾರ್ಚ್ ಕೊನೆಗೆ ಹೊರಡುತ್ತೇವೆ ಎಂದರು. ಅಮ್ಮ ಕಾಫಿ ಕೊಟ್ಟು, ಆಗಲಿ ಎಂದು ನಿಶ್ಚಿಂತೆಯಿಂದ ಕಳಿಸಿದರು. ಹಣ ಎಲ್ಲಿದೆ ಎಂದು ನಾನು ಆಮೇಲೆ ಕೇಳಿದೆ.

"ಗಿರಣಿ ಇಲ್ವೇನೇ? ಎಲ್ಲೂ ಹೋಗಿಲ್ಲ, ನಿನ್ ಕಣ್ಮುಂದೇನೇ ಐತೆ."

ನಾನು ಬಿ.ಕಾಂ. ಮೊದಲ ವರ್ಷದಲ್ಲಿದ್ದೇನೆ. ತರಗತಿಯಲ್ಲಿ ಕಲಿತಂತೆ ಹಾಳೆಯ ನಡುವೆ ಗೆರೆ ಎಳೆದು ಬಲಗಡೆ ಆಸ್ತಿ, ಎಡಗಡೆ ಹೊಣೆ ಎಂದು ಬರೆದೆ. ನಮ್ಮದಾಗಿದ್ದು ನಮಗೆ ದುಡಿದು ಕೊಡುವುದು ಆಸ್ತಿ. ಇನ್ನೊಬ್ಬರಿಗೆ ನಾವು ಕೊಡಬೇಕಾದದ್ದು ಹೊಣೆ. ಗಿರಣಿ ಬಲಕ್ಕೆ ಹೋಯಿತು, ಭೋಗ್ಯ ಎಡಕ್ಕೆ. ಅಮ್ಮನಿಗೆ ಸಿಟ್ಟು ಬಂತು.

"ಸಾಲಗಾರ್ತಿ ಮಾಡ್ಬುಟ್ಯಲ್ಲೇ ನನ್ನ. ಯಾರತ್ರಾನಾದ್ರೂ ಕೈ ಚಾಚಿದ್ನಾ? ಮನೆ ಕೊಟ್ಟೆ, ದುಡ್ಡು ಇಸ್ಕೊಂಡೆ."

"ಮನೆ ನಮಗೇ ವಾಪಸ್ ಬರುತ್ತಲ್ಲಮ್ಮ. ಆವಾಗ ದುಡ್ಡು ಅವರಿಗೆ ವಾಪಸ್ ಹೋಗ್ಬೇಡ್ವಾ?"

ಅಮ್ಮ ರಾಗಿ ಜರಡಿ ಹಿಡಿಯಲು ಹೋದರು. ನಮ್ಮ ಬೀದಿಯಲ್ಲಿ ಭೋಗ್ಯವನ್ನು ಯಾರೂ ಸಾಲ ಎನ್ನುವುದಿಲ್ಲ. ಅದು ಮನೆ ತಂದುಕೊಟ್ಟ ಹಣ, ಅಷ್ಟೆ.

ಬುಧವಾರ ಇಬ್ಬರೂ ಮಂಡಿ ಮೊಹಲ್ಲಾದ ಹಳೆಯ ಯಂತ್ರಗಳ ಅಂಗಡಿಗೆ ಹೋದೆವು. ಮೋಟಾರು ಸೇರಿ ಎರಡೂಮುಕ್ಕಾಲು ಲಕ್ಷಕ್ಕೆ ಕೊಂಡಿದ್ದ ಗಿರಣಿ. ಉಳಿದದ್ದು ಕರೆಂಟು ಸಂಪರ್ಕಕ್ಕೆ, ಗಾರೆ ಕೆಲಸಕ್ಕೆ, ನನ್ನ ಫೀಸಿಗೆ ಹೋಗಿತ್ತು. ಅಂಗಡಿಯವರು ಫೋನಿನಲ್ಲಿ ಫೋಟೊ ನೋಡಿ, ಕಲ್ಲು ಸವೆದಿದೆ, ಒಂದೂವರೆಗಿಂತ ಹೆಚ್ಚು ಬರುವುದಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಗಿರಣಿ ಮಾರಿದರೂ ಹಣ ಸಾಲದು. ಮಾರಿದ ಮೇಲೆ ಊಟಕ್ಕೂ ದಾರಿಯಿಲ್ಲ. ಬಲಗಡೆಯದು ಸವೆಯುತ್ತದೆ, ಎಡಗಡೆಯ ನಾಲ್ಕು ಲಕ್ಷ ನಾಲ್ಕು ಲಕ್ಷವಾಗಿಯೇ ಇರುತ್ತದೆ. ಪುಸ್ತಕದಲ್ಲಿ ಓದಿದ್ದು ನನಗೂ ಆಗಲೇ ತಿಳಿದದ್ದು.

ಶುಕ್ರವಾರ ಮನೆ ನೋಡಲು ಗಂಡ ಹೆಂಡತಿ ಬಂದರು. ಪೂರ್ತಿ ನಾಲ್ಕು ಲಕ್ಷ ಭೋಗ್ಯಕ್ಕೆ ಅವರು ತಯಾರಿದ್ದರು. ಹಾಗೆ ಮಾಡಿದ್ದರೆ ಗಿರಣಿಯೂ ಉಳಿಯುತ್ತಿತ್ತು, ತಲೆಬಿಸಿಯೂ ಇರುತ್ತಿರಲಿಲ್ಲ; ಎಡಗಡೆ ಹೆಸರು ಮಾತ್ರ ಬದಲಾಗುತ್ತಿತ್ತು. ನಾನು ಅದನ್ನು ಹೇಳುವ ಮೊದಲೇ ಅಮ್ಮ, ಎರಡು ಲಕ್ಷ ಸಾಕು, ಮಿಕ್ಕಿದ್ದಕ್ಕೆ ತಿಂಗಳ ಬಾಡಿಗೆ ಕೊಡಿ ಎಂದರು. ಅವರು ಒಪ್ಪಿದರು. ನರ್ಸಮ್ಮನಿಗೆ ಕೊಡಬೇಕಾದ ಇನ್ನೆರಡು ಲಕ್ಷಕ್ಕೆ, ಅಂಚೆ ಕಚೇರಿಯಲ್ಲಿ ಅಮ್ಮನ ಉಳಿತಾಯ ಒಂದು ಲಕ್ಷದ ಇಪ್ಪತ್ತು ಸಾವಿರ ಇದೆ. ಬಾಕಿ ಎಂಬತ್ತು ಸಾವಿರಕ್ಕೆ ಅಮ್ಮ ಚೀಟಿ ಎತ್ತುತ್ತಾರೆ.

ಎತ್ತಿದ ಮೇಲೆ ಕಟ್ಟಬೇಕಾದ ಕಂತುಗಳನ್ನು ನಾನು ಎಡಗಡೆ ಸೇರಿಸಿದೆ. ಅಮ್ಮ ಬಗ್ಗಿ ನೋಡಿದರು.

"ಚೀಟೀನೂ ಬುಡಲ್ವಾ ನೀನು?"

"ಬಿಡಂಗಿಲ್ಲ ಕಣಮ್ಮ."

"ಬರ್ಕೊ ಅಂಗಾದ್ರೆ. ಬಾಡಿಗೆ ಬಂದಂಗೆ ಬಂದಂಗೆ ಅಳಿಸ್ತಾ ಹೋಗು."

ಒಂದು ಜಾಗ ಮಾತ್ರ ಖಾಲಿ ಇದೆ. ಬಲಗಡೆ ಗಿರಣಿಯ ಮುಂದೆ ಕೊಂಡ ಬೆಲೆ ಬರೆಯಲು ಮನಸ್ಸಿಲ್ಲ, ಅಂಗಡಿಯವರು ಹೇಳಿದ ಬೆಲೆಯನ್ನು ಅಮ್ಮ ಒಪ್ಪುವುದಿಲ್ಲ. ಇಂಥ ಗಿರಣಿಗೆ ವರ್ಷಕ್ಕೆ ಎಷ್ಟು ಇಳಿಸಬೇಕು, ಕಲ್ಲು ಬದಲಿಸಿದರೆ ಮತ್ತೆ ಏರಿಸಬಹುದೇ? ಗಿರಣಿ ನಡೆಸುವವರೋ ಲೆಕ್ಕ ಬಲ್ಲವರೋ ದಯವಿಟ್ಟು ಬರೆದು ತಿಳಿಸಿ.