ಒತ್ತಕ್ಷರ ಮೂಡುವವರೆಗೆ

ಅಕ್ಕ ನೇಸರಗಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಬೈಲಹೊಂಗಲದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಉಕ್ತಲೇಖನ ಹೇಳುವಾಗ ಅವಳ ನಾಲಿಗೆ ತೊಡರಿತು, ಮಕ್ಕಳು ನಕ್ಕರು. ವರ್ಷ ತುಂಬುವುದರೊಳಗೆ ಮಾತು ಪೂರ್ತಿ ನಿಂತಿತು. ಆಮೇಲೆ ಕೈಯ ಬಲ ಇಳಿದು ಪೆನ್ನು ಹಿಡಿಯುವುದೂ ಆಗದೆ ಹೋಯಿತು. ಅದು ನರಗಳ ರೋಗ, ಔಷಧವಿಲ್ಲ, ಇನ್ನು ಒಂದೆರಡು ವರ್ಷ ಎಂದು ಧಾರವಾಡದ ಡಾಕ್ಟರರು ಅಕ್ಕನ ಗಂಡನನ್ನು ಹೊರಗೆ ಕರೆದು ಹೇಳಿದರು. ಮಾಮಾ ಅದನ್ನು ನನಗೆ ಹೇಳಿದರು, ಅವಳಿಗೆ ಹೇಳಲಿಲ್ಲ.

ಅವಳ ಬಲಗೈಯ ತೋರುಬೆರಳು ಮಾತ್ರ ಇನ್ನೂ ಮಾತು ಕೇಳುತ್ತಿತ್ತು. ನಾನು ಕಾಲೇಜಿನ ಆಫೀಸಿನಲ್ಲಿ ಪತ್ರ ಟೈಪು ಮಾಡುವವನು. ಕಂಪ್ಯೂಟರಿನ ಬಗ್ಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅವಳು ಒತ್ತಿ ಬರೆಯಲಿ ಎಂದು ಹುಡುಕಿದಾಗ, ಯಾರೋ ಬೇಡವೆಂದು ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು. ವೈರಸ್ ಹತ್ತಿ ಕೆಟ್ಟಿತ್ತು, ಮೆಮೊರಿಯೂ ಕಡಿಮೆ. ಕಂಪ್ಯೂಟರ್ ಪಾಠ ಮಾಡುವ ಲೆಕ್ಚರರ್ ಒಬ್ಬರು ಮೂರು ಸಿ.ಡಿ. ಕೊಟ್ಟರು.

“ಮೂರೂ ಲಿನಕ್ಸ್ ಅದಾವ್ರಿ, ಕಂಪ್ಯೂಟರ್ ನಡಸೂ ಸಾಫ್ಟ್‌ವೇರ್, ಪುಕಟ ಸಿಗತಾವು. ಸಿ.ಡಿ.ಯಿಂದನ ಚಾಲೂ ಮಾಡಿ ನೋಡ್ರಿ, ಹಿಡಿಸಿದ್ದನ್ನ ಇಟ್ಕೋರಿ,” ಎಂದರು.

ಮೊದಲನೆಯದು ಕಪ್ಪು ಪರದೆ ತೋರಿಸಿ, ನನಗೆ ಬಾರದ ಆಜ್ಞೆಗಳಿಗಾಗಿ ಕಾದು ನಿಂತಿತು. ಎರಡನೆಯದು ಹಗುರ; ಬೇಗ ತೆರೆಯಿತು, ಎಲ್ಲವೂ ಚಿತ್ರಗಳಲ್ಲಿ ಇತ್ತು. ನನ್ನಂಥ ಹೊಸಬನಿಗೆ ಇದೇ ಸರಿ ಅನ್ನಿಸಿತು. ಕೀಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿ ಅಕ್ಕನ ಮುಂದಿಟ್ಟೆ. ಅವಳು ‘ಸಕ್ಕರೆ’ ಎಂದು ಒತ್ತಿದಳು. ಒತ್ತಕ್ಷರ ಕೆಳಗೆ ಇಳಿಯದೆ, ಮುರಿದು ಪಕ್ಕದಲ್ಲೇ ಬಿದ್ದುಕೊಂಡಿತು.

“ಅಕ್ಕಾ, ಇದು ಲಗೂ ನಡೀತೈತಿ. ನಮಗ ತಿಳದ್ರ ಸಾಕಲ್ಲ?” ಎಂದೆ.

ಅವಳು ಅಳಿಸುವ ಕೀಯ ಮೇಲೆ ಬೆರಳಿಟ್ಟು, ಪರದೆ ಖಾಲಿಯಾಗುವವರೆಗೆ ತೆಗೆಯಲಿಲ್ಲ.

ಮೂರನೆಯದು ತೆರೆಯುವಷ್ಟರಲ್ಲಿ ಚಹಾ ಮಾಡಿ ಕುಡಿಯಬಹುದಿತ್ತು. ಒಂದು ಕೀ ಒತ್ತಿದರೆ ಅಕ್ಷರ ಯೋಚನೆ ಮಾಡಿ ಬಂದಂತೆ ಬರುತ್ತಿತ್ತು. ಆದರೆ ‘ಕ’ದ ಕೆಳಗೆ ಒತ್ತು ನೆಟ್ಟಗೆ ಕೂತಿತು. ಅಕ್ಕನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅವಳು ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದನ್ನೇ ಹಾಕಿದೆ.

ರಾಮದುರ್ಗದಿಂದ ನೆಂಟರು ಬಂದರು. ಮಂಚದ ಸುತ್ತ ಕುಳಿತು, “ಎಷ್ಟ ಚಂದ ಮಾತಾಡ್ತಿದ್ಲು, ಪಾಪ,” ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಅಕ್ಕನ ಬೆರಳು ಚಲಿಸಿತು. ಎಲ್ಲರೂ ಪರದೆ ನೋಡಿದರು. ‘ನಾನು ಇಲ್ಲೇ ಇದ್ದೇನೆ. ನನ್ನ ಸಂಗಡ ಮಾತಾಡಿರಿ.’ ಬರೆಯುವಾಗ ಅವಳದು ಪುಸ್ತಕದ ಕನ್ನಡವೇ. ನೆಂಟರು ಬಸ್ಸಿನ ನೆಪ ಹೇಳಿ ಎದ್ದರು.

ಮುಂದಿನ ವಾರ ಮಾಮಾ ಅವಳಿಗೆ ಗಂಜಿ ಕುಡಿಸುತ್ತಿದ್ದಾಗ ಇನ್ನೊಂದು ಸಾಲು ಮೂಡಿತು. ‘ಡಾಕ್ಟರರು ನಿಮಗೆ ಏನು ಹೇಳಿದರು?’

ಮಾಮಾ ಬಟ್ಟಲು ಇಟ್ಟು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ.

“ಯಾಕರ ತಂದಿಪಾ ಇದನ್ನ,” ಎಂದರು.

ಮುಖ ತೊಳೆದು ಬಂದು ಮಂಚದ ಮೇಲೆ ಕುಳಿತರು. “ಒಂದೆರಡ ವರ್ಷ ಅಂದ್ರು. ಅದರಾಗ ಒಂದು ಮುಗ್ಯಾಕ ಬಂತು.”

ಅಕ್ಕ ಅಳಲಿಲ್ಲ. ಒಂದೊಂದೇ ಅಕ್ಷರ ಬರುವುದನ್ನು ನಾವಿಬ್ಬರೂ ಕಾದೆವು. ‘ಮೊದಲೇ ಹೇಳಬೇಕಿತ್ತು.’

“ಹೌದು, ಹೇಳಬೇಕಾಗಿತ್ತು,” ಎಂದು ಮಾಮಾ ಅವಳ ಕಾಲು ಹಿಡಿದು ಅತ್ತರು.

ಬೇಸಿಗೆಗೆ ಬೆರಳೂ ಸೋತಿತು. ಅವಳು ಕೀ ನೋಡುತ್ತಿದ್ದಳು, ಮಾಮಾ ಒತ್ತುತ್ತಿದ್ದರು. ಅವರು ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯವರು, ಬರಹದಲ್ಲಿ ತಪ್ಪು ಬಹಳ. ತಿದ್ದುವವರೆಗೆ ಅಕ್ಕ ಕಣ್ಣು ಕದಲಿಸುತ್ತಿರಲಿಲ್ಲ. ಕೊನೆಗೆ ಆ ಕಣ್ಣುಗಳೂ ದಣಿದು ಸಾಲಿನ ಅರ್ಧಕ್ಕೇ ಮುಚ್ಚತೊಡಗಿದವು.

ಶ್ರಾವಣದಲ್ಲಿ ಅಕ್ಕ ಹೋದಳು. ನೇಸರಗಿಯಿಂದ ಶಿಕ್ಷಕರು ಬಂದಿದ್ದರು. ಮಣ್ಣು ಮಾಡಿ ಬಂದ ಮೇಲೆ ಮಾಮಾ ಕಟ್ಟೆಯ ಮೇಲೆ ಕುಳಿತರು.

“ಕಡೀಕ ಆಕಿ ಏನೋ ಹೇಳಾಕ ಹತ್ತಿದ್ಲು. ನನಗ ತಿಳೀಲಿಲ್ಲ,” ಎಂದರು.

ನಾನು ಪಕ್ಕದಲ್ಲಿ ಕುಳಿತೆ.